ಫಂಗಸ್ ಅಂದ್ರೆ ಸಾಕು, ಎಲ್ಲದಕ್ಕೂ ಬಿ35.9 ಹಾಕೋದಾ?

ರೆಕಾರ್ಡ್_ರೂಮ್ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಊರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳೋ ಕೆಲಸ ನನ್ನದು. ಮಳೆ ಹಿಡೀತು ಅಂದ್ರೆ ಚರ್ಮದ ಕೇಸುಗಳದ್ದೇ ಸಾಲು. ಒಣಗದ ಬಟ್ಟೆ, ಗಂಬೂಟು, ತೋಟದ ಕೆಸರು, ಇನ್ನೇನು ಬೇಕು ಫಂಗಸ್ಸಿಗೆ. ಈಗ ಹೊಸ ಸಾಫ್ಟ್‌ವೇರ್ ಬಂದಿದೆ, ಪ್ರತಿ ಕಾಯಿಲೆಗೂ ಐಸಿಡಿ ಕೋಡ್ (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿಯ ಸಂಖ್ಯೆ) ಹಾಕದೆ ಫೈಲ್ ಮುಚ್ಚೋಕೆ ಬಿಡಲ್ಲ. ಹುಡುಕೋ ಜಾಗದಲ್ಲಿ ‘ಫಂಗಲ್’ ಅಂತ ಹೊಡೆದ್ರೆ ಮೊದಲು ಬರೋದೇ ಬಿ35.9. ಎಲ್ಲರೂ ಅದನ್ನೇ ಒತ್ತಿ ಮುಂದೆ ಹೋಗ್ತಿದ್ದಾರೆ.

ಒಂದು ಚೀಟಿ ಮಾತ್ರ ನನ್ನ ಮೇಜಿನ ಮೇಲೇ ಉಳಿದಿದೆ. ಡಾಕ್ಟ್ರು ಬರೆದಿರೋದು ಇಷ್ಟು: ‘ಎರಡೂ ತೊಡೆಸಂದಿ, ಸೊಂಟದ ಸುತ್ತ, ಹೊಟ್ಟೆ ಮೇಲೆ ಉಂಗುರದೊಳಗೆ ಉಂಗುರ. ತಿಂಗಳುಗಟ್ಟಲೆ ಅಂಗಡಿಯ ಕ್ರೀಮ್ ಹಚ್ಚಿದ್ದಾರೆ. ಟಿನಿಯಾ ಸ್ಯೂಡೋಇಂಬ್ರಿಕೇಟಾ. ಮಧುಮೇಹ ಇದೆ. ಮಾತ್ರೆಗೆ ಬಗ್ಗುತ್ತಿಲ್ಲ.’ ಟಿನಿಯಾ ಅಂದ್ರೆ ಹುಳುಕಡ್ಡಿ, ಅಷ್ಟು ಗೊತ್ತು. ಪಕ್ಕದ ಮೇಜಿನವರು ಪುಸ್ತಕ ತಿರುವಿ ‘ಇಂಬ್ರಿಕೇಟಾ ಇದೆಯಲ್ಲ, ಬಿ35.5 ಹಾಕು’ ಅಂದರು. ನನಗ್ಯಾಕೋ ಸಮಾಧಾನ ಆಗ್ತಿಲ್ಲ. ಗೊತ್ತಿದ್ದವರು ಹೇಳಿ.

ಕೋಡರ್_ತೀರ್ಥಹಳ್ಳಿ

ಮೊದಲು ಬಿ35ರ ಒಳಗಡೆ ಏನಿದೆ ನೋಡಿ. ಅದು ಮೈಮೇಲಿನ ಜಾಗದ ಲೆಕ್ಕದಲ್ಲಿ ಹಂಚಿರೋದು. ಗಡ್ಡ, ತಲೆಬುರುಡೆ ಆದ್ರೆ ಬಿ35.0, ಉಗುರು ಬಿ35.1, ಅಂಗೈ ಬಿ35.2, ಪಾದ ಬಿ35.3, ಮೈ ಬಿ35.4, ತೊಡೆಸಂದಿ ಬಿ35.6. ಬಿ35.8 ಅನ್ನೋದು ಬೇರೆ ಹೆಸರಿಸಿದ ಬಗೆಗಳಿಗೆ. ಬಿ35.9 ಅಂದ್ರೆ ‘ಡರ್ಮಟೋಫೈಟ್ (ಹುಳುಕಡ್ಡಿ ತರೋ) ಫಂಗಸ್ಸೇ, ಆದ್ರೆ ಎಲ್ಲಿ ಅಂತ ಬರೆದಿಲ್ಲ’ ಅಂತ ಅರ್ಥ. ನಿಮ್ಮ ಚೀಟಿಯಲ್ಲಿ ಜಾಗ ಸ್ಪಷ್ಟವಾಗಿ ಬರೆದಿದೆ. ಹಾಗಿದ್ದಮೇಲೆ 9 ಹಾಕೋದು ತಪ್ಪೇ.

ಎರಡು ಜಾಗ ಇದ್ರೆ ಎರಡು ಕೋಡ್. ತೊಡೆಸಂದಿಗೆ ಬಿ35.6, ಹೊಟ್ಟೆ ಸೊಂಟಕ್ಕೆ ಬಿ35.4. ‘ತುಂಬಾ ಹರಡಿದೆ’ ಅಂತ ಬರೆದ ಮಾತ್ರಕ್ಕೆ ಬಿ35.8ಕ್ಕೆ ಹಾರಬೇಡಿ. ಅಲ್ಲಿರೋ ‘ಡಿಸೆಮಿನೇಟೆಡ್’ (ಎಲ್ಲೆಡೆ ಹರಡಿದ್ದು) ಅನ್ನೋ ಪದವನ್ನೇ ಡಾಕ್ಟ್ರು ಬಿಡಿಸಿ ಬರೀಬೇಕು. ತುರಿಕೆಗೆ ಬೇರೆ ಕೋಡ್ ಬೇಡ, ಅದು ಕಾಯಿಲೆಯೊಳಗೇ ಬಂತು.

ನಾನು ಕೋಡ್ ಹಾಕೋದು ಅಮೆರಿಕದ ರೋಗಿಗಳ ಚಾರ್ಟುಗಳಿಗೆ, ಮನೆಯಿಂದಲೇ. ಕರೆಂಟ್ ಇದ್ದಷ್ಟು ಹೊತ್ತು.

ಮಳೆಹುಳ_ಆಗುಂಬೆ

ಕರೆಂಟಿಲ್ಲದ ರೋಗಕ್ಕೂ ಒಂದು ಕೋಡ್ ಹುಡುಕಿ ಮಾರಾಯ್ರೆ. ಇಲ್ಲಿ ಎಲ್ಲರಿಗೂ ಇದೆ.

ಚರ್ಮವೈದ್ಯೆ

ಬಿ35.5 ಖಂಡಿತ ಅಲ್ಲ, ದಯವಿಟ್ಟು ಹಾಕಬೇಡಿ. ನಿಜವಾದ ಟಿನಿಯಾ ಇಂಬ್ರಿಕೇಟಾ ಟ್ರೈಕೋಫೈಟಾನ್ ಕಾನ್ಸೆಂಟ್ರಿಕಮ್ ಅನ್ನೋ ಒಂದೇ ಶಿಲೀಂಧ್ರದಿಂದ ಬರುವಂಥದ್ದು, ಮುಖ್ಯವಾಗಿ ಪೆಸಿಫಿಕ್ ದ್ವೀಪಗಳ ಕಡೆಯ ಕಾಯಿಲೆ. ಐಸಿಡಿಯಲ್ಲೇ ಅದಕ್ಕೆ ಟೋಕೆಲಾವ್ ಅನ್ನುವ ಇನ್ನೊಂದು ಹೆಸರಿದೆ. ನಮ್ಮಲ್ಲಿ ‘ಸ್ಯೂಡೋ’ (ಅಂದರೆ ಹುಸಿ) ಸೇರಿಸಿ ಬರೆಯುವುದು ಬೇರೆಯದೇ ಸಂಗತಿ.

ಮಾಮೂಲಿ ಹುಳುಕಡ್ಡಿ ಅಂಚಿನಲ್ಲಿ ಕೆಂಪಾಗಿ ಉಬ್ಬಿ, ನಡುವೆ ತಿಳಿಯಾಗುತ್ತ ಹೊರಗೆ ಹರಡುತ್ತದೆ. ಅದರ ಮೇಲೆ ಸ್ಟೀರಾಯ್ಡ್ ಇರುವ ಕ್ರೀಮ್ ಬಿದ್ದರೆ ಆ ಜಾಗದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೇ ಆರಾಮಾಗಿರುತ್ತದೆ. ಕ್ರೀಮ್ ಬಿಟ್ಟ ಕೂಡಲೇ ಮತ್ತೆ ಕೆರಳುತ್ತದೆ. ಹಚ್ಚುವುದು, ಬಿಡುವುದು, ಮತ್ತೆ ಹಚ್ಚುವುದು ನಡೆದ ಹಾಗೆ ತಿಳಿಯಾಗಿದ್ದ ನಡುಭಾಗದಲ್ಲೇ ಹೊಸ ಅಂಚು ಏಳುತ್ತದೆ. ಉಂಗುರದೊಳಗೆ ಉಂಗುರ ಕಾಣುವುದು ಅದಕ್ಕೇ. ಆದ್ದರಿಂದ ಕಾಯಿಲೆ ಬಿ35.4 ಮತ್ತು ಬಿ35.6. ಸ್ಯೂಡೋಇಂಬ್ರಿಕೇಟಾ ಅನ್ನುವುದು ಅದರ ರೂಪ ಅಷ್ಟೇ.

ಫಾರ್ಮಸಿ_ಹೊಸನಗರ

ಎಲ್ಲ ಬಂದು ಕೊನೆಗೆ ಅಂಗಡಿಯವನ ತಲೆಗೇ ಬೀಳುತ್ತೆ ಅಂತ ಗೊತ್ತಿತ್ತು. 2018ರಲ್ಲೇ ಈ ಸ್ಟೀರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್ ಕೆಳಗೆ ತಂದಾಯ್ತು, ಚೀಟಿ ಇಲ್ಲದೆ ನಾನು ಕೊಡಲ್ಲ. ಆದ್ರೆ ಜನ ಹೇಗೆ ಕೇಳ್ತಾರೆ ಗೊತ್ತಾ? ಖಾಲಿ ಟ್ಯೂಬ್ ತಂದು ‘ಇದೇ ಕೊಡಿ, ಭಾವನಿಗೆ ಎರಡೇ ದಿನಕ್ಕೆ ವಾಸಿ ಆಯ್ತು’ ಅಂತಾರೆ. ತಿರುಗಿಸಿ ನೋಡಿದ್ರೆ ಕ್ಲೋಬೆಟಸಾಲು ಅನ್ನೋ ಸ್ಟೀರಾಯ್ಡು, ಒಂದು ಆಂಟಿಬಯಾಟಿಕ್ಕು, ಒಂದು ಫಂಗಸ್ ಔಷಧಿ, ಮೂರೂ ಒಟ್ಟಿಗೆ. ಇಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ. ಅಲ್ಲಿ ಸಿಗುತ್ತೆ ಅನ್ನೋದೂ ನಿಜ.

ಒಂದು ಪ್ರಶ್ನೆ: ಈ ಕ್ರೀಮಿನ ಕಥೆ ನಿಮ್ಮ ಕೋಡಿನಲ್ಲಿ ಎಲ್ಲಾದ್ರೂ ಬರುತ್ತಾ? ಇಲ್ಲ ಬರೀ ಫಂಗಸ್ ಅಂತ ದಾಖಲಾಗಿ ಮುಗೀತಾ?

ಕೋಡರ್_ತೀರ್ಥಹಳ್ಳಿ

ಬರುತ್ತೆ, ಆದ್ರೆ ಸುಲಭಕ್ಕೆ ಬರಲ್ಲ. ಐಸಿಡಿಯ ಅಮೆರಿಕದ ಆವೃತ್ತಿಯಲ್ಲಿ ಚರ್ಮಕ್ಕೆ ಹಚ್ಚೋ ಫಂಗಸ್, ಸೋಂಕು, ಉರಿಯೂತದ ಔಷಧಿಗಳಿಗೆಲ್ಲ ಟಿ49.0 ಅಂತ ಒಂದು ಗುಂಪಿದೆ. ಅದರಲ್ಲಿ ದುಷ್ಪರಿಣಾಮಕ್ಕೆ ಟಿ49.0ಎಕ್ಸ್5ಎ, ಆಕಸ್ಮಿಕ ವಿಷಬಾಧೆಗೆ ಟಿ49.0ಎಕ್ಸ್1ಎ. ಈ 5 ಮತ್ತು 1ರ ಮಧ್ಯೆಯೇ ಇರೋದು ಜಗಳ.

ಸರಿಯಾದ ಔಷಧಿ, ಡಾಕ್ಟ್ರು ಬರೆದಂತೆ ಸರಿಯಾಗಿ ಬಳಸಿದರೂ ತೊಂದರೆ ಆಯ್ತು ಅಂದ್ರೆ 5. ಆಗ ಆದ ತೊಂದರೆಯ ಕೋಡ್ ಮೊದಲು, ಟಿ ಕೋಡ್ ಆಮೇಲೆ. ತಪ್ಪು ಔಷಧಿ ತೆಗೆದುಕೊಂಡ್ರು, ಅಳತೆ ಮೀರಿ ಬಳಸಿದ್ರು ಅಂದ್ರೆ ವಿಷಬಾಧೆ, ಟಿ ಕೋಡೇ ಮೊದಲು. ಭಾವನ ಟ್ಯೂಬ್ ತಂದು ಹಚ್ಚಿಕೊಂಡದ್ದು ‘ಸರಿಯಾದ ಬಳಕೆ’ ಅಂತೂ ಅಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ 1.

ಚರ್ಮವೈದ್ಯೆ

ಇದನ್ನು ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಕ್ರೀಮ್ ಹಚ್ಚಿಕೊಂಡು ಬಂದ ಮನುಷ್ಯನ ದಾಖಲೆಯಲ್ಲಿ ಮೊದಲ ಸಾಲೇ ‘ವಿಷಬಾಧೆ’ ಅಂತ ಬಂದರೆ ನಾಳೆ ಅದನ್ನು ಓದುವವರು ಏನೆಂದುಕೊಳ್ಳಬೇಕು? ಇನ್ನೊಂದು ಮಾತು. ಸ್ಟೀರಾಯ್ಡ್ ಫಂಗಸ್ಸನ್ನು ಹುಟ್ಟಿಸಲಿಲ್ಲ, ಅದು ಮೊದಲೇ ಇತ್ತು. ಔಷಧಿಯಿಂದಲೇ ಆದದ್ದು ಅಂತ ಖಚಿತವಾಗಿ ಹೇಳಬಹುದಾದದ್ದು ಬೇರೆ: ತೊಡೆಯ ಒಳಭಾಗದಲ್ಲಿ ಚರ್ಮ ಸೀಳಿದಂತೆ ಬೀಳುವ ಗೆರೆಗಳು. ಅದಕ್ಕೆ ಎಲ್90.6 ಇದೆ. ಆ ಗೆರೆ ಕಂಡರೆ ನಾನು ‘ಸ್ಟೀರಾಯ್ಡ್ ಕ್ರೀಮಿನಿಂದಾದ ಗೆರೆಗಳು’ ಅಂತ ಬಿಡಿಸಿ ಬರೆಯುತ್ತೇನೆ. ಕೋಡ್ ಹಾಕುವವರಿಗೆ ಆಗ ಹಿಡಿಯಲು ಒಂದು ಎಳೆ ಸಿಗುತ್ತದೆ.

ರೆಕಾರ್ಡ್_ರೂಮ್ ಅವರ ಚೀಟಿಯಲ್ಲಿ ಕ್ರೀಮ್ ಹಚ್ಚಿದ್ದಾರೆ ಅಂತ ಇದೆ. ಯಾವ ಕ್ರೀಮ್ ಅಂತ ಇಲ್ಲ. ಅದರಲ್ಲಿ ಸ್ಟೀರಾಯ್ಡ್ ಇತ್ತು ಅಂತಲೂ ಇಲ್ಲ. ಓದುವ ನಮಗೆ ಗೊತ್ತು, ನಿಜ. ಕಾಗದಕ್ಕೆ ಗೊತ್ತಿಲ್ಲ.

ಕೋಡರ್_ತೀರ್ಥಹಳ್ಳಿ

ಕೊನೆಯದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬರೆಯದೆ ಇದ್ದದ್ದನ್ನ ಕೋಡರ್ ಊಹಿಸೋ ಹಾಗಿಲ್ಲ. 5 ಹೌದೋ 1 ಹೌದೋ ಅನ್ನೋದಕ್ಕಿಂತ ಮೊದಲು ಡಾಕ್ಟ್ರಿಗೆ ಒಂದು ಪ್ರಶ್ನೆ ಕಳಿಸಬೇಕು. ಆದ್ರೆ ‘ವಿಷಬಾಧೆ’ ಅನ್ನೋ ಪದ ಕಿವಿಗೆ ಕೆಟ್ಟದಾಗಿ ಕೇಳುತ್ತೆ ಅಂತ ನಿಯಮ ಬದಲಾಗಲ್ಲ ಮೇಡಂ.

ಹಳೇ_ದಾಖಲೆ (ಭದ್ರಾವತಿ)

ಇಬ್ಬರೂ ಅಮೆರಿಕದ ಪುಸ್ತಕ ಹಿಡಿದುಕೊಂಡು ಶಿವಮೊಗ್ಗದ ಕ್ಲಿನಿಕ್ಕಿಗೆ ಉತ್ತರ ಕೊಡ್ತಾ ಇದ್ದೀರಿ. ಸರ್ಕಾರಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು, ಸ್ವಲ್ಪ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ಕ್ಕೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಅಮೆರಿಕದವರು ಅದನ್ನು ತಮಗೆ ಬೇಕಾದ ಹಾಗೆ ಉದ್ದ ಮಾಡಿಕೊಂಡು 2015ರ ಅಕ್ಟೋಬರ್ 1ರಿಂದ ಬಳಸೋಕೆ ಶುರು ಮಾಡಿದರು. ಬಿ35ರ ಮಟ್ಟಿಗೆ ಎರಡರಲ್ಲೂ ಕೋಡುಗಳು ಒಂದೇ. ಆದರೆ ಟಿ49.0ಎಕ್ಸ್5ಎ ಅನ್ನೋದು ಮೂಲ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಚಿಕಿತ್ಸೆಯ ಬಳಕೆಯಲ್ಲಿ ಆದ ದುಷ್ಪರಿಣಾಮಕ್ಕೆ ವೈ56.0. ತಪ್ಪಾಗಿ ತೆಗೆದುಕೊಂಡ ಔಷಧಿ ಅಂದ್ರೆ ಟಿ49.0, ಜೊತೆಗೆ ಆಕಸ್ಮಿಕದ ಎಕ್ಸ್ ಸರಣಿಯ ಕೋಡ್. ಹಾಗಾಗಿ ಮೊದಲು ಸಾಫ್ಟ್‌ವೇರಿನಲ್ಲಿ ಯಾವ ಆವೃತ್ತಿ ಇದೆ ಅಂತ ನೋಡಿ. ಏಳು ಅಕ್ಷರದ ಕೋಡ್ ಒಪ್ಪುತ್ತೆ ಅಂದ್ರೆ ಅಮೆರಿಕದ್ದು. ಎಷ್ಟೋ ಸಾಫ್ಟ್‌ವೇರಿನವರು ಅದನ್ನೇ ತುಂಬಿ ಕೊಟ್ಟು ‘ಐಸಿಡಿ-10 ಇದೆ’ ಅಂತ ಮಾರಿ ಹೋಗಿರ್ತಾರೆ.

ಅಂದ ಹಾಗೆ ಆ ಪುಸ್ತಕ ಪರದೇಶದ್ದು ಅಂತ ತಳ್ಳಿಹಾಕೋರಿಗೆ: ಎ98.2 ತೆಗೆದು ನೋಡಿ. ಕ್ಯಾಸನೂರು ಫಾರೆಸ್ಟ್ ಡಿಸೀಸ್. 1957ರಲ್ಲಿ ಸೊರಬ ತಾಲ್ಲೂಕಿನ ಕಾಡಲ್ಲಿ ಮಂಗ ಸತ್ತಾಗ ಪತ್ತೆಯಾದ ನಮ್ಮ ಮಂಗನ ಕಾಯಿಲೆ, ಜಗತ್ತಿನ ಎಲ್ಲ ದೇಶದ ಪುಸ್ತಕದಲ್ಲೂ ನಮ್ಮೂರಿನ ಹೆಸರಲ್ಲೇ ಕೂತಿದೆ.

ಮಳೆಹುಳ_ಆಗುಂಬೆ

ಈ ಥ್ರೆಡ್ ಓದಿದ್ದಕ್ಕೂ ಸಾರ್ಥಕ ಆಯ್ತು. ಹಂಗಾದ್ರೆ ಆಗುಂಬೆ ಹೆಸರಲ್ಲೂ ಒಂದು ಫಂಗಸ್ ಇಡಿಸಿ.

ಪರೀಕ್ಷೆಗೆ_ಓದ್ತಿರೋಳು

ನಾನು ಕೋಡಿಂಗ್ ಸರ್ಟಿಫಿಕೇಟ್ ಪರೀಕ್ಷೆಗೆ ಓದ್ತಾ ಇದ್ದೀನಿ, ಸಾಗರ. ಚೀಟಿಯಲ್ಲಿ ಮಧುಮೇಹ ಇದೆ ಅಂತ ಇದೆಯಲ್ಲ? ನಮಗೆ ಪಾಠದಲ್ಲಿ ‘ಮಧುಮೇಹದ ಜೊತೆ ಅದರ ಕೆಳಗೆ ಪಟ್ಟಿ ಮಾಡಿದ ತೊಂದರೆ ಇದ್ರೆ ಸಂಬಂಧ ಇದೆ ಅಂತಲೇ ತಿಳ್ಕೊಳ್ಳಿ’ ಅಂತ ಹೇಳಿಕೊಟ್ಟರು. ಹಾಗಾದ್ರೆ ಇ11.628 ಹಾಕಬಹುದಲ್ವಾ, ಚರ್ಮದ ಇತರೆ ತೊಂದರೆಗಳ ಜೊತೆ ಮಧುಮೇಹ ಅಂತ?

ಕೋಡರ್_ತೀರ್ಥಹಳ್ಳಿ

ಒಳ್ಳೆ ಪ್ರಶ್ನೆ, ಪರೀಕ್ಷೆಯಲ್ಲಿ ಜನ ಜಾರೋದು ಇಲ್ಲೇ. ಆ ನಿಯಮ ಕೋಡ್ ಪುಸ್ತಕದ ಸೂಚಿಯಲ್ಲಿ ಹೆಸರು ಹಿಡಿದು ಬರೆದಿರೋ ತೊಂದರೆಗಳಿಗೆ ಮಾತ್ರ: ಮೂತ್ರಪಿಂಡ, ನರ, ಪಾದದ ಹುಣ್ಣು ಈ ಥರದ್ದು. ‘ಇತರೆ ಚರ್ಮದ ತೊಂದರೆ’ ಅನ್ನೋದು ಚೀಲದ ಹೆಸರು, ಅದರೊಳಗೆ ನಾವೇ ಏನೇನೋ ತುಂಬೋ ಹಾಗಿಲ್ಲ. ಡಾಕ್ಟ್ರು ‘ಮಧುಮೇಹದಿಂದ’ ಅಂತ ಸಂಬಂಧ ಕಟ್ಟಿ ಬರೆದ್ರೆ ಮಾತ್ರ. ಇಲ್ಲಿ ‘ಮಧುಮೇಹ ಇದೆ’ ಅಂತಷ್ಟೇ ಇರೋದು. ಯಾವ ಬಗೆ ಅಂತ ಬರೆಯದೆ ಇದ್ರೂ ಎರಡನೇ ಬಗೆ ಅಂತಲೇ ತಗೊಂಡು ಇ11.9, ಫಂಗಸ್ಸಿನ ಕೋಡ್ ಬೇರೆ.

ಪರೀಕ್ಷೆಗೆ_ಓದ್ತಿರೋಳು

ಥ್ಯಾಂಕ್ಸ್. ಇನ್ನೊಂದು. ಪರೀಕ್ಷೆಗೆ ಚರ್ಮ ಕೆರೆದು ಕಳಿಸಿ, ರಿಪೋರ್ಟ್ ಬರೋ ಮೊದಲೇ ‘ಟಿನಿಯಾ ಇರಬಹುದು’ ಅಂತ ಬರೆದಿದ್ರೆ?

ಕೋಡರ್_ತೀರ್ಥಹಳ್ಳಿ

ಹೊರರೋಗಿ ಚಾರ್ಟಲ್ಲಿ ‘ಇರಬಹುದು’, ‘ಅನುಮಾನ’, ಪ್ರಶ್ನಾರ್ಥಕ ಚಿಹ್ನೆ ಇದ್ಯಾವುದಕ್ಕೂ ಕಾಯಿಲೆಯ ಕೋಡ್ ಇಲ್ಲ. ಕಂಡ ಲಕ್ಷಣಕ್ಕೆ ಮಾತ್ರ, ಆರ್21, ಅಂದ್ರೆ ದದ್ದು. ಅದೇ ಡಾಕ್ಟ್ರು ನೋಡಿ ‘ಟಿನಿಯಾ ಕ್ರೂರಿಸ್’ (ತೊಡೆಸಂದಿಯ ಹುಳುಕಡ್ಡಿ) ಅಂತ ಖಚಿತ ಬರೆದ್ರೆ ಲ್ಯಾಬ್ ರಿಪೋರ್ಟಿಗೆ ಕಾಯಬೇಕಿಲ್ಲ, ಬಿ35.6 ಹಾಕಿ. ಕೆರೆದ ಚರ್ಮವನ್ನ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋದಕ್ಕೆ ಅಮೆರಿಕದಲ್ಲಿ ಬೇರೆ ಬಿಲ್ಲಿಂಗ್ ಕೋಡ್ ಇದೆ, 87220.

ಅಡಿಕೆ_ಸೋಗೆ

ಮಧ್ಯ ಬಾಯಿ ಹಾಕ್ತೀನಿ, ನಾನು ಕೋಡಿನವನಲ್ಲ, ಕೊನೆಗಾರರನ್ನ (ಅಡಿಕೆ ಮರ ಹತ್ತೋರನ್ನ) ಇಟ್ಟುಕೊಂಡು ತೋಟ ಮಾಡೋನು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ನಮ್ಮ ಹುಡುಗರಿಗೆ ಸೊಂಟದಲ್ಲಿ, ಕುತ್ತಿಗೆಯಲ್ಲಿ ಕೆಂಪಾಗಿ ಉರಿ ಬರುತ್ತೆ. ಎಲ್ಲರೂ ಅದನ್ನ ಗಜಕರ್ಣ ಅಂತಾರೆ, ಗಜಕರ್ಣದ ಕ್ರೀಮೇ ಹಚ್ಚುತ್ತಾರೆ. ಅದೂ ಬಿ35ಕ್ಕೇ ಹೋಗುತ್ತಾ?

ಚರ್ಮವೈದ್ಯೆ

ಹೋಗಬಾರದು. ಬೋರ್ಡೋದಲ್ಲಿರುವ ಮೈಲುತುತ್ತ, ಸುಣ್ಣದಲ್ಲಿ ನೆನೆದ ಬಟ್ಟೆ ಮೈಗೆ ಒತ್ತಿ ಆಗುವುದು ತಾಗಿದ್ದರಿಂದ ಬಂದ ಉರಿಯೂತ, ಎಲ್24ರ ಗುಂಪು. ಫಂಗಸ್ ಇಲ್ಲವೇ ಇಲ್ಲ. ಈ ಮಾತು ಬಂದದ್ದು ಒಳ್ಳೆಯದಾಯಿತು, ಯಾಕೆಂದರೆ ರೋಗಿ ಹೇಳುವ ಹೆಸರಿನ ಮೇಲೆ ಕೋಡ್ ಒತ್ತುವ ಅಭ್ಯಾಸ ಹಲವು ಕಡೆ ನೋಡಿದ್ದೇನೆ.

ತೊಡೆಸಂದಿಯಲ್ಲಿ ಕಂದು ಬಣ್ಣದ, ಅಂಚು ಉಬ್ಬದ, ಅಷ್ಟೇನೂ ತುರಿಸದ ಪಟ್ಟೆ ಇದ್ದರೆ ಅದು ಎರಿತ್ರಾಸ್ಮ ಇರಬಹುದು. ವುಡ್ಸ್ ದೀಪದ (ನೇರಳಾತೀತ ಬೆಳಕು) ಕೆಳಗೆ ಹವಳದ ಕೆಂಪು ಹೊಳೆಯುತ್ತದೆ. ಬ್ಯಾಕ್ಟೀರಿಯಾದ್ದು, ಎಲ್08.1. ಬರೀ ಬೆವರು, ಉಜ್ಜಾಟದಿಂದ ಕೆಂಪಾದ ಸಂದಿ ಎಲ್30.4. ದಪ್ಪ ಇರುವವರ ಸ್ತನದ ಕೆಳಗೆ ಒದ್ದೆ ಕೆಂಪು, ಸುತ್ತ ಸಣ್ಣ ಗುಳ್ಳೆಗಳು ಕಂಡರೆ ಅದು ಕ್ಯಾಂಡಿಡಾ ಅನ್ನುವ ಯೀಸ್ಟ್ ಬಗೆಯ ಫಂಗಸ್, ಬಿ37.2. ನಾಟಿಯ ಹೊತ್ತಿಗೆ ಬರುವ ಬೆರಳಸಂದಿಯ ಬಿಳಿ ಕೊಳೆತವಂತೂ ಪಾದದ ಹುಳುಕಡ್ಡಿಯೂ ಆಗಬಹುದು, ಕ್ಯಾಂಡಿಡಾನೂ ಆಗಬಹುದು, ಬರೀ ನೀರಿನ ಹೊಡೆತವೂ ಆಗಬಹುದು. ಕೆರೆದು ನೋಡದೆ ನಾನೂ ಹೇಳಲಾರೆ.

ಮತ್ತೆ ಸಿಬ್ಬು. ಎದೆ, ಬೆನ್ನಿನ ಮೇಲೆ ಹೊಟ್ಟು ಏಳುವ ಮಸುಕು ಮಚ್ಚೆ ಆದರೆ ಬಿ36.0. ಟಿನಿಯಾ ವರ್ಸಿಕಲರ್ ಅಂತ ಬರೆದಿದ್ದರೂ ಅದು ಬಿ35 ಅಲ್ಲ, ಆ ಫಂಗಸ್ ಬೇರೆ ಜಾತಿಯದು. ಮಕ್ಕಳ ಕೆನ್ನೆಯ ಬಿಳಿ ಮಚ್ಚೆಯನ್ನೂ ಅಮ್ಮಂದಿರು ಸಿಬ್ಬು ಅನ್ನುತ್ತಾರೆ. ಅದು ಸಾಮಾನ್ಯವಾಗಿ ಪಿಟಿರಿಯಾಸಿಸ್ ಆಲ್ಬಾ, ಎಲ್30.5, ಫಂಗಸ್ಸೇ ಅಲ್ಲ. ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಮಾತ್ರ ಇವೆಲ್ಲ ಬಿಟ್ಟು ಕುಷ್ಠವನ್ನು ಮೊದಲು ಯೋಚಿಸಬೇಕು. ಅದು ಎ30.

ಫಾರ್ಮಸಿ_ಹೊಸನಗರ

ಇಷ್ಟೂ ಕಾಯಿಲೆಗೂ ನನ್ನ ಅಂಗಡಿಗೆ ಬರೋದು ಅದೇ ಒಂದು ಖಾಲಿ ಟ್ಯೂಬು.

ರೆಕಾರ್ಡ್_ರೂಮ್ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದ. ಚೀಟಿಯ ಕೊನೆಯ ಮಾತು ಉಳಿದಿದೆ: ‘ಮಾತ್ರೆಗೆ ಬಗ್ಗುತ್ತಿಲ್ಲ.’ ಸಾಫ್ಟ್‌ವೇರಿನಲ್ಲಿ ಹುಡುಕಿದಾಗ ಫಂಗಸ್ ಔಷಧಿಗೆ ಪ್ರತಿರೋಧ ಅಂತ ಜೆಡ್16.32 ಸಿಕ್ತು. ಏಳಕ್ಷರದ ಕೋಡುಗಳೂ ಬರ್ತಾ ಇವೆ, ಅಂದ್ರೆ ನಮ್ಮದು ಅಮೆರಿಕದ ಪಟ್ಟಿಯೇ. ಆ ಜೆಡ್ ಕೋಡ್ ಸೇರಿಸಲಾ?

ಚರ್ಮವೈದ್ಯೆ

ಬೇಡ, ಇಷ್ಟಕ್ಕೇ ಬೇಡ. ಮಾತ್ರೆ ಕೆಲಸ ಮಾಡದೆ ಇರಲು ಕಾರಣ ಹತ್ತಿವೆ. ಎರಡು ವಾರಕ್ಕೇ ಬಿಟ್ಟಿರುತ್ತಾರೆ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದು ಅವರು ಔಷಧಿ ಮಾಡಿರುವುದಿಲ್ಲ, ಒಂದೇ ಟವೆಲ್ ಎಲ್ಲರಿಗೂ. ಒಳಗೊಳಗೇ ಆ ಕ್ರೀಮ್ ಹಚ್ಚುವುದೂ ನಡೆದಿರುತ್ತದೆ. ಮಲೆನಾಡಿನ ಆಷಾಢದಲ್ಲಿ ಒಳಉಡುಪು ಬಿಸಿಲು ಕಂಡಿರುವುದೇ ಇಲ್ಲ, ಒಲೆಯ ಮೇಲಿನ ಗಳುವಿನಲ್ಲಿ ಅರ್ಧ ಒಣಗಿದ್ದನ್ನೇ ಹಾಕಿಕೊಂಡಿರುತ್ತಾರೆ.

ನಿಜವಾದ ಪ್ರತಿರೋಧವೂ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಭಾರತದಲ್ಲಿ ಹಬ್ಬಿರುವ ಬಗೆಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಬೇರೆ ಹೆಸರೇ ಕೊಟ್ಟರು. ಟರ್ಬಿನಫಿನ್ ಔಷಧಿ ಫಂಗಸ್ಸಿನ ಯಾವ ಕಿಣ್ವವನ್ನು ಹಿಡಿಯಬೇಕೋ ಆ ಸ್ಕ್ವಾಲೀನ್ ಎಪಾಕ್ಸಿಡೇಸ್‌ನ ಜೀನೇ ಇದರಲ್ಲಿ ಹಲವು ಸಲ ಬದಲಾಗಿರುತ್ತದೆ, ಔಷಧಿಗೆ ಹಿಡಿತ ಸಿಗುವುದಿಲ್ಲ. ಆದರೆ ಅದನ್ನು ಹೇಳಲು ಫಂಗಸ್ ಬೆಳೆಸಿ ಔಷಧಿಯ ಎದುರು ಪರೀಕ್ಷಿಸಬೇಕು, ಇಲ್ಲವೇ ಜೀನ್ ನೋಡಬೇಕು. ಆ ಸೌಲಭ್ಯ ಎಲ್ಲ ಕಡೆ ಇಲ್ಲ. ನಾವು ಬರೆಯುವ ‘ರಿಕ್ಯಾಲ್ಸಿಟ್ರೆಂಟ್’ ಅಂದರೆ ಹಟ ಹಿಡಿದದ್ದು, ಮರುಕಳಿಸುವುದು ಅಂತಷ್ಟೇ.

ಹಳೇ_ದಾಖಲೆ (ಭದ್ರಾವತಿ)

ಡಾಕ್ಟ್ರ ಮಾತು ಸರಿ. ಆದರೆ ಅಲ್ಲೇ ನನ್ನದೊಂದು ತಕರಾರೂ ಇದೆ. ಕ್ರೀಮೂ ಕೋಡಿಗೆ ಬರಲಿಲ್ಲ, ಮಾತ್ರೆ ಸೋತದ್ದೂ ಬರಲಿಲ್ಲ. ಕೊನೆಗೆ ಉಳಿದದ್ದು ಬಿ35.4, ಬಿ35.6, ಇ11.9. ಹಿಂದೆ ಬರ್ತಿದ್ದ ಮಾಮೂಲಿ ಹುಳುಕಡ್ಡಿಗೂ ಇದೇ ಕೋಡ್ ಹಾಕ್ತಿದ್ದೆವು. ಇವತ್ತು ಜಿಲ್ಲೆಯ ಕೋಡುಗಳನ್ನೆಲ್ಲ ಕೂಡಿಸಿ ನೋಡಿದವರಿಗೆ ಏನೂ ಬದಲಾಗಿಲ್ಲ ಅಂತಲೇ ಕಾಣುತ್ತೆ. ಐಸಿಡಿ-11 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಹುಳುಕಡ್ಡಿಯ ಗುಂಪು 1ಎಫ್28. ಮುಖ್ಯ ಕೋಡಿಗೆ ಬಾಲದಂತೆ ಬೇರೆ ವಿವರಗಳ ಕೋಡುಗಳನ್ನ ಜೋಡಿಸಬಹುದು. ಆದರೆ ಜೋಡಿಸೋಕೂ ಚೀಟಿಯಲ್ಲಿ ಬರೆದಿರಬೇಕಲ್ಲ. ಒಪಿಡಿಯಲ್ಲಿ ಒಂದು ಸಾಲು ಬರೆಯೋಕೆ ಪುರಸೊತ್ತಿಲ್ಲದ ಕಡೆ ಯಾವ ಪುಸ್ತಕ ಬಂದರೂ ಅಷ್ಟೇ.

ಚರ್ಮವೈದ್ಯೆ

ಪುರಸೊತ್ತಿಲ್ಲ ಅನ್ನುವುದು ನಿಜ, ನನಗೂ ಇಲ್ಲ. ಅದಕ್ಕೇ ನಾನು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡಿದ್ದೇನೆ. ಜಾಗ, ಎಷ್ಟು ಕಾಲದಿಂದ, ಸ್ಟೀರಾಯ್ಡ್ ಕ್ರೀಮ್ ಹೌದು ಅಥವಾ ಇಲ್ಲ, ಯಾರು ಕೊಟ್ಟದ್ದು, ಕೆಒಎಚ್ ಫಲಿತಾಂಶ, ಮನೆಯಲ್ಲಿ ಬೇರೆಯವರಿಗೆ ಇದೆಯಾ. ಟಿಕ್ ಹಾಕಿದರೆ ಮುಗಿಯಿತು. ‘ಯಾರು ಕೊಟ್ಟದ್ದು’ ಅನ್ನುವ ಖಾನೆ ತುಂಬಿದ್ದರೆ ಕೋಡರ್_ತೀರ್ಥಹಳ್ಳಿ ಅವರ 5, 1ರ ಜಗಳವೂ ಅಲ್ಲೇ ತೀರುತ್ತದೆ.

ಕೋಡರ್_ತೀರ್ಥಹಳ್ಳಿ

ತೀರುತ್ತೆ. ‘ಡಾಕ್ಟರ್ ಬರೆದುಕೊಟ್ಟದ್ದು, ಹೇಳಿದಂತೆ ಹಚ್ಚಿದ್ದಾರೆ’ ಅಂತಿದ್ರೆ ನಾನೇ 5 ಹಾಕ್ತೀನಿ, ತಕರಾರಿಲ್ಲ. ‘ಭಾವನದ್ದು’ ಅಂತಿದ್ರೆ ಮಾತ್ರ ಮತ್ತೆ ಇಲ್ಲಿಗೇ ಬರ್ತೀನಿ.

ರೆಕಾರ್ಡ್_ರೂಮ್ (ಶಿವಮೊಗ್ಗ)

ಇವತ್ತಿನ ಸ್ಥಿತಿ ಹೇಳ್ತೀನಿ. ಆ ಚೀಟಿಗೆ ಸದ್ಯ ಬಿ35.6, ಬಿ35.4, ಇ11.9 ಹಾಕಿದ್ದೇನೆ. ಫೈಲ್ ಮುಚ್ಚಿಲ್ಲ. ಡಾಕ್ಟ್ರಿಗೆ ಎರಡೇ ಪ್ರಶ್ನೆ ಬರೆದು ಕಳಿಸಿದೆ: ಕ್ರೀಮಿನಲ್ಲಿ ಸ್ಟೀರಾಯ್ಡ್ ಇತ್ತಾ, ಅದರಿಂದ ಚರ್ಮಕ್ಕೆ ತೊಂದರೆ ಆಗಿದೆ ಅಂತ ನಿಮ್ಮ ಅಭಿಪ್ರಾಯವಾ. ಉತ್ತರ ನಾವೇ ಬಾಯಿಗೆ ಹಾಕಿದ ಹಾಗೆ ಆಗಬಾರದು ಅಂತ ಹೌದು, ಇಲ್ಲ, ಹೇಳಲಾಗದು ಮೂರೂ ಇಟ್ಟಿದ್ದೇನೆ. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ ಬಿ35.9ನ್ನ ಪಟ್ಟಿಯ ಕೊನೆಗೆ ತಳ್ಳಿ ಅಂದೆ. ‘ಅಪ್‌ಡೇಟ್‌ನಲ್ಲಿ ಬರುತ್ತೆ ಸಾರ್’ ಅಂದರು.

ಅಡಿಕೆ_ಸೋಗೆ

ಡಾಕ್ಟ್ರೇ, ಉಗುರು ಹಳದಿಯಾಗಿ ದಪ್ಪ ಆಗೋದು? ನಂದು ಎರಡು ವರ್ಷದಿಂದ ಹಾಗೇ ಇದೆ.

ಚರ್ಮವೈದ್ಯೆ

ಬಿ35.1 ಇರಬಹುದು, ಸೋರಿಯಾಸಿಸ್ಸೂ ಇರಬಹುದು, ಹಳೇ ಪೆಟ್ಟೂ ಇರಬಹುದು. ಉಗುರಿನ ಮಾತ್ರೆ ತಿಂಗಳುಗಟ್ಟಲೆ ತಿನ್ನಬೇಕು, ಹಾಗಾಗಿ ಅದೊಂದನ್ನು ಪರೀಕ್ಷೆ ಮಾಡದೆ ಶುರು ಮಾಡಬೇಡಿ. ಉಗುರಿಗೆ ಹಚ್ಚಿದ್ದೆಲ್ಲ ಒರೆಸಿಕೊಂಡು ಬನ್ನಿ, ಬಣ್ಣ ಬಳಿದಿದ್ದರೆ ಕೆರೆದರೂ ಏನೂ ಕಾಣುವುದಿಲ್ಲ.